ಹೊರಗಿನ ಮಂದಿ

ದಾದರ, ಮುಂಬೈ
9 ಡಿಸೆಂಬರ್ 2011, ಶುಕ್ರವಾರ

ವಿಕ್ರಾಂತನ ಅಪ್ಪಾರಿಗೆ, ನಿಮ್ಮ ಸುಂದರಾ ಮಾಡೋ ಜೈ ಭೀಮ.

ಹೆಂಗ ಅದೀರಿ? ಮೊಣಕಾಲಿಗೆ ಎಣ್ಣಿ ಹಚ್ಚಾಕತ್ತೀರೋ, ಇಲ್ಲಾ ಬಾಟ್ಲಿ ನಾ ಇಟ್ಟು ಬಂದಲ್ಲೇ ಕುಂತೈತೋ? ಥಂಡಿ ದಿನ, ಎದ್ದ ಕೂಡ್ಲೆ ದ್ರಾಕ್ಷಿ ತ್ವಾಟಕ್ಕ ಓಡಬ್ಯಾಡ್ರಿ, ಬಿಸಲು ಬೀಳೂತನಕ ತಡೀರಿ. ಲಕ್ಷ್ಮಿಬಾಯಿ ದಿನಾ ರೊಟ್ಟಿ ಬಡದು ಕೊಡತಾಳಂತ ಅಕಿ ಗಂಡ ಲಗಮಪ್ಪ ಹೇಳಿದ. ಚೊಲೋ ಆತು. ಇಲ್ಲೆ ಸೊಸಿ ನೀಲಮ ಎದ್ದು ಅಡ್ಡಾಡಾಕತ್ತಾಳ. ಕೂಸಿಗೆ ಎರಡು ತಿಂಗಳಾತು, ಮೈ ಕೈ ತುಂಬ್ಯಾವ. ಹಣಿ ನಿಮ್ಮಂಗ ಐತಿ, ಸಿಟ್ಟೂ ನಿಮ್ಮಂಗ. ಹಾಲು ಒಂದೀಟು ತಡಾ ಆದ್ರ ನಾಕು ಮಾಳಿಗಿ ಕೇಳೂಹಂಗ ಕಿರಚತಾಳ. ಈ ಸಮುದ್ರದ ಗಾಳಿಗೆ ನಾ ತಂದ ಖಡಕ್ ರೊಟ್ಟಿ ಎಲ್ಲಾ ಮೆತ್ತಗಾದ್ವು, ಕಿಟಕಿ ಕಬ್ಬಿಣಕ್ಕ ಜಂಗ ಹಿಡದೈತಿ, ಉಪ್ಪಿನ ಡಬ್ಬಿಯೊಳಗ ನೀರು ಬಿಡತೈತಿ. ಆದ್ರೂ ಸಂಜಿ ಮುಂದ ಕೂಸಿನ್ನ ಹೊತಗೊಂಡು ಗ್ಯಾಲರಿಯೊಳಗ ನಿಂತ್ರ ಜೀವಕ್ಕ ಹಗುರ ಆಗತೈತಿ.

ಫೋನ್ ಇದ್ದಾಗ ಈಕಿ ಯಾಕ ಕಾಗದ ಬರದಾಳು ಅಂತೀರಿ. ಫೋನಿನ್ಯಾಗ ವಿಕ್ರಾಂತನ ಹೆಸರು ತಗದ್ರ ನೀವು ಕಟ್ ಮಾಡತೀರಿ. ಕಾಗದ ಕಟ್ ಮಾಡಾಕ ಬರಂಗಿಲ್ಲ. ಅಂಗನವಾಡಿಯೊಳಗ ಮಂದಿ ಮಕ್ಕಳಿಗೆ ಅಷ್ಟು ವರ್ಷ ಅಕ್ಷರಾ ತಿದ್ದಿಸೇನಿ, ಒಮ್ಮೆ ನನ್ನ ಗಂಡಗೂ ಬರೀತೀನಿ. ಕುಂತು ಪೂರಾ ಓದ್ರಿ.

ಹ್ವಾದ ವರ್ಷ ಡಿಸೆಂಬರ್ ಆರಕ್ಕ, ಬಾಬಾಸಾಹೇಬ್ರು ತೀರಿದ ದಿನಕ್ಕ, ನೀವು ಊರ ಮಂದಿ ಕೂಡ ಚೈತ್ಯಭೂಮಿಗೆ ಬಂದ್ರಿ. ಮಗನ ಮನಿ ಅಲ್ಲೇ ಹತ್ತರ ಐತಿ, ಒಂದು ರಾತ್ರಿ ಎಲ್ಲಾರೂ ಅಲ್ಲೇ ಇರೂಣು ಅಂತ ನಮ್ಮೂರು ಅನಂತಪುರದಿಂದ ಹೆಮ್ಮಿಲೆ ಹೇಳಿ ಕರ್ಕೊಂಡು ಹ್ವಾದವ್ರು ನೀವು. ಸೊಸಾಯಿಟಿ ಗೇಟಿಗೆ ಚೈನ್ ಹಾಕಿದ್ರು. ವಿಕ್ರಾಂತ ಕೆಳಗ ಬಂದು ಗೇಟಿನ ಸಂದಿಯೊಳಗ ನೀರಿನ ಬಾಟ್ಲಿ ಕೊಟ್ಟು, ನೀವೊಬ್ರು ಬರ್ರಿ ಅಪ್ಪಾ, ಅವ್ರನ್ನ ಬಿಡಂಗಿಲ್ಲ ಅಂತಾರ ಅಂದ. ನೀವು ಒಬ್ರ ಮ್ಯಾಲ ಹೋಗಲಿಲ್ಲ. ಊರ ಮಂದಿ ಕೂಡನ ಫುಟಪಾತ್ ಮ್ಯಾಲ ಮಲಗಿ ಬಂದ್ರಿ. ನನಗ ಒಂದು ಮಾತ ಹೇಳಲಿಲ್ಲ, ಎಲ್ಲಾ ಹೇಳಿದಾಕಿ ಲಕ್ಷ್ಮಿಬಾಯಿ. ಅವತ್ತಿನಿಂದ ಮಗನ ಮನಿ ಮೆಟ್ಟಲಾ ಹತ್ತಿಲ್ಲ ನೀವು. ಮೊಮ್ಮಗಳು ಹುಟ್ಟಿದ್ರೂ ಬರಲಿಲ್ಲ. ನೀಲಮಗ ತವರುಮನಿ ಕಬ್ಬೂರಾಗ ಬಾಣಂತನಾ ಮಾಡಾಕ ತಾಯಿ ಇಲ್ಲ ಅಂತ ನಾ ಒಬ್ಬಾಕಿನ ಮಿರಜಿಗೆ ಬಂದು ಗಾಡಿ ಹತ್ತಿದೆ. ಮಗನ ತಪ್ಪಿಗೆ ನಾ ವಕೀಲಕಿ ಮಾಡಂಗಿಲ್ಲ. ಈ ವರ್ಷ ಏನಾತು ಅನ್ನೋದಷ್ಟ ಹೇಳತೀನಿ.

ನವೆಂಬರ್ ಕಡೀಕ ಲಿಫ್ಟಿನ ಬಾಜೂಕ ನೋಟೀಸ್ ಹಚ್ಚಿದ್ರು. ಡಿಸೆಂಬರ್ ನಾಕರಿಂದ ಏಳನೇ ತಾರೀಖಿನ ತನಕ ಯಾರ ಮನಿಗೂ ಹೊರಗಿನ ಮಂದಿ ಬರೂಹಂಗಿಲ್ಲ, ಟೆರೇಸಿಗೆ ಕೀಲಿ, ಕೆಳಗಿನ ನಳಾ ಬಂದ್. ಮರಾಠಿಯೊಳಗಿತ್ತು, ನಾನ ಓದಿದೆ. ಗಣಪತಿ ಹಬ್ಬದಾಗ ಪಾರ್ಕಿಂಗಿನ್ಯಾಗ ಪೆಂಡಾಲ್ ಹಾಕಿದ್ರಂತ, ಮನಿಮನಿಗೆ ಊರಿಂದ ಬೀಗರು ಬಂದಿದ್ರಂತ. ಆವಾಗ ಹಿಂಥಾ ನೋಟೀಸ್ ಇರಲಿಲ್ಲ ಅಂತ ನೀಲಮ ಹೇಳಿದಳು. ಆ ಭಾನುವಾರ ಮೀಟಿಂಗ್ ಇತ್ತು. ವಿಕ್ರಾಂತ ಹೋಗಬ್ಯಾಡ್ರಿ ಅಂದ. ನಾವು ಇಲ್ಲೇ ಬಾಳೇ ಮಾಡೂದೈತಿ, ದಿನಾ ಅವರ ಮಾರಿ ನೋಡೂದೈತಿ ಅಂದ. ಅಂವ ಆಫೀಸಿನ್ಯಾಗೂ ಊರು ಯಾವುದಂದ್ರ ಅಥಣಿ ಅಂದು ಮಾತು ತೇಲಿಸಿ ಬಿಡತಾನ, ನನಗ ಗೊತ್ತೈತಿ. ನೀಲಮ ಅವಗ ಒಂದ ಮಾತು ಅಂದಳು, ಫ್ಲ್ಯಾಟ್ ನನ್ನ ಹೆಸರಿಲೆ ಐತಿ, ಮೆಂಬರ್ ನಾನು, ನಾ ಹೋಗಾಕಿ. ದವಾಖಾನಿಯೊಳಗ ನರ್ಸ್ ಆಗಿ ಹತ್ತಾರು ಡಾಕ್ಟರನ್ನ ಸಂಭಾಳಿಸಿದಾಕಿ, ಅಕಿಗೇನು ಅಂಜಿಕಿ? ಕೂಸಿನ್ನ ಟೋಪಿ ಹಾಕಿ ನಾ ಎತಗೊಂಡೆ.

ಸೆಕ್ರೆಟರಿ ಕೆಟ್ಟ ಮಾತಿನ ಮನಶ್ಯಾ ಅಲ್ಲ, ನಕ್ಕೋತನ ಮಾತಾಡತಾನ. ಅದ ತ್ರಾಸ. ಬೈದ್ರ ತಿರುಗಿ ಬೈಬಹುದು. ಯಾವ ಕಾನೂನಿನ್ಯಾಗ ಹಿಂಗ ಬರದೈತಿ ಅಂತ ನೀಲಮ ಕೇಳಿದಳು. ಅಂವ ಕಾನೂನು ಹೇಳಲಿಲ್ಲ. ಗದ್ದಲ, ಹೊಲಸು, ಸುರಕ್ಷತಾ ಅಂತ ಹೇಳಿ, ನೀವು ನಮ್ಮವರ ಬಿಡ್ರಿ, ನಾ ಹೇಳೂದು ‘ಬಾಹೇರಚೀ ಮಾಣಸಂ’ ಬಗ್ಗೆ ಅಂದ. ಹೊರಗಿನ ಮಂದಿ ಅಂತ. ಮೆಂಬರ್ ಅಲ್ಲದವ್ರು ಮಾತಾಡಬಾರದು ಅಂತ ನನಗ ಮೊದಲ ಹೇಳಿದ್ರು. ಆದ್ರೂ ನಾ ಎದ್ದು ನಿಂತು ಮರಾಠಿಯೊಳಗ ಅಂದೆ, “ಹ್ವಾದ ವರ್ಷ ನಿಮ್ಮ ಗೇಟಿನ ಹೊರಗ ಮಲಗಿದಾವ ನನ್ನ ಗಂಡ. ಈ ಕೂಸಿನ ಅಜ್ಜ. ಅವ್ರನ್ನ ನೀವು ಹೊರಗಿನ ಮಂದಿ ಅಂದ್ರ, ನಾನೂ ಹೊರಗಿನಾಕಿ.” ಕೈ ಎತ್ತಿಸಿದ್ರು, ನೋಟೀಸ್ ಹಂಗ ಉಳೀತು. ಕೈ ಎತ್ತದವ್ರು ನೀಲಮನ ಕೂಡಿ ಮೂರ್ನಾಕ ಮಂದಿ. ನಾವು ಮನಿಗೆ ಬಂದ ಮ್ಯಾಲ ವಿಕ್ರಾಂತ ಊಟಾ ಮಾಡಲಿಲ್ಲ. ಮಾಡು ಅಂತ ನಾನೂ ಅನಲಿಲ್ಲ.

ಐದನೇ ತಾರೀಖು ಮಧ್ಯಾನ ಲಗಮಪ್ಪ, ಲಕ್ಷ್ಮಿಬಾಯಿ ಮತ್ತ ಊರ ಮಂದಿ ಬಂದ್ರು. ಬರ್ರಿ ಅಂತ ನಾನ ಫೋನ್ ಹಚ್ಚಿ ಹೇಳಿದ್ದೆ, ನಿಮಗ ಹೇಳಿರಲಿಲ್ಲ. ಗೇಟಿನ್ಯಾಗ ಚೈನ್. ವಾಚಮನ್ ಭಾವುಸಾಹೇಬ ನಮ್ಮ ಕಾಗವಾಡ ಕಡ್ಯಾವ, ನನಗ ಅವ್ವಾ ಅಂತಾನ. ನಾ ತಗದ್ರ ನೌಕರಿ ಹೋಗತೈತಿ ಅವ್ವಾ ಅಂತ ಕೈ ಮುಗದ. ನೀ ತಗೀಬ್ಯಾಡಪಾ, ನಿನ್ನ ಹೊಟ್ಟಿ ಮ್ಯಾಲ ನಾ ಕಾಲಿಡಂಗಿಲ್ಲ ಅಂದು, ಬಾಜೂದ ಸಣ್ಣ ಬಾಗಲದಿಂದ ನಾನ ಹೊರಗ ಹ್ವಾದೆ. ಅವ್ರು ಒಳಗ ಬರೂತನಕ ನಾ ಒಳಗ ಹೋಗಂಗಿಲ್ಲ ಅಂತ ಗೇಟಿನ ಮುಂದ ಚಾಪಿ ಹಾಸಿ ಕುಂತೆ. ಸ್ವಲ್ಪ ಹೊತ್ತಿಗೆ ನೀಲಮ ಒಂದು ಕೈಯಾಗ ಕೂಸು, ಇನ್ನೊಂದು ಕೈಯಾಗ ಪಲ್ಯಾದ ಬುಟ್ಟಿ ಹಿಡಕೊಂಡು ಇಳದು ಬಂದಳು. ಬಾಣಂತಿ, ನೀ ಮ್ಯಾಲ ಹೋಗ ಅಂದ್ರ ಕೇಳಬೇಕಲ್ಲಾ. ಎಲ್ಲಾರೂ ಅಲ್ಲೇ ಉಂಡ್ರು. ರಸ್ತಾ ತುಂಬ ಬಿಳೀ ಸೀರಿ, ಬಿಳೀ ಅಂಗಿ, ನೀಲಿ ಝೇಂಡಾ. ಹೋಗೋ ಮಂದಿ ಜೈ ಭೀಮ ಅಂದು ಹೋಗತಿದ್ರು. ಗ್ಯಾಲರಿಯೊಳಗ ನಿಂತು ನೋಡೋರು ನೋಡಿದ್ರು.

ಹೊತ್ತು ಮುಳುಗೋ ಮುಂದ ಸೆಕ್ರೆಟರಿ ಕಾರು ಬಂತು. ಗೇಟಿನ ಮುಂದ ನಾವು. ಅಂವ ಮೊದಲ ನಕ್ಕೋತ ಹೇಳಿದ, ಆಮ್ಯಾಲ ನಗೂದು ಬಿಟ್ಟ, ಆಮ್ಯಾಲ ಹವಾಲದಾರನ್ನ ಕರಕೊಂಡು ಬಂದ. ಪಾಪ ಆ ಹವಾಲದಾರ ಮುಂಜಾನಿಂದ ನಿಂತು ಸುಸ್ತಾಗಿದ್ದ. ದಾರಿ ಬಿಡ್ರಿ ಬಾಯಿ ಅಂದ. ಇವ್ರು ಗೇಟ್ ತಗದ್ರ ಈಗಿಂದೀಗ ದಾರಿ ಬಿಡತೀನಿ, ನಮಗೂ ಒಳಗ ಹೋಗೂದ ಐತಿ ಅಂದೆ. ಅಂವ ಸೆಕ್ರೆಟರಿ ಮಾರಿ ನೋಡಿದ.

ಆ ಹೊತ್ತಿಗೆ ನಿಮ್ಮ ಮಗ ಆಫೀಸಿಂದ ಬಂದ. ಅವ್ವ, ಹೆಂಡ್ತಿ, ಎರಡು ತಿಂಗಳ ಕೂಸು ಫುಟಪಾತ್ ಮ್ಯಾಲ. ಬ್ಯಾಗ್ ಹಿಡಕೊಂಡು ರಸ್ತಾದ ಆಚೀ ಬಾಜೂಕ ನಿಂತುಬಿಟ್ಟ. ನಾ ಕರೀಲಿಲ್ಲ. ನೀಲಮನೂ ಕರೀಲಿಲ್ಲ. ಈ ಸಲಾನೂ ಅಂವ ಸಣ್ಣ ಬಾಗಲದಿಂದ ಒಬ್ಬನ ಒಳಗ ಹ್ವಾದ್ರ ಮರುದಿನ ಸೊಸೀನ್ನ, ಕೂಸಿನ್ನ ಕರಕೊಂಡು ಊರಿಗೆ ಬಂದುಬಿಡೂದು ಅಂತ ಮನಸಿನ್ಯಾಗ ಠರಾವು ಮಾಡಿದ್ದೆ. ಅಂವ ರಸ್ತಾ ದಾಟಿ ಬಂದ. ಲಗಮಪ್ಪನ ಕಾಲು ಮುಟ್ಟಿದ, ಎಲ್ಲಾರ ಎದುರಿಗೆ, ಆಫೀಸಿನ ಇಸ್ತ್ರಿ ಅಂಗಿಯೊಳಗ. ಆಮ್ಯಾಲ ಸೆಕ್ರೆಟರಿ ಕಡೆ ತಿರುಗಿ ಮರಾಠಿಯೊಳಗ ಹೇಳಿದ, “ಇವ್ರು ನಮ್ಮ ಮಂದಿ. ಹ್ವಾದ ವರ್ಷ ಇದನ್ನ ನಾ ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಇವ್ರು ನಮ್ಮನ್ಯಾಗ ಇರತಾರ. ಕಂಪ್ಲೇಂಟ್ ಮಾಡೂದಿದ್ರ ನನ್ನ ಹೆಸರಿಲೆ ಮಾಡ್ರಿ, ವಿಕ್ರಾಂತ ಭರಮು ಕಾಂಬಳೆ.” ಪೂರಾ ಹೆಸರು ಹೇಳಿದ, ಅಪ್ಪನ ಹೆಸರು ಕೂಡಿ.

ಭಾವುಸಾಹೇಬ ಸೆಕ್ರೆಟರಿನ್ನ ಕೇಳದನ ಚೈನ್ ತಗದ. ಕಾರೂ ಒಳಗ ಹೋತು, ನಾವೂ ಹ್ವಾದಿವಿ. ಲಿಫ್ಟಿನ್ಯಾಗ ಒಮ್ಮೆಗೆ ಎಲ್ಲಾರೂ ಹಿಡೀಲಿಲ್ಲ, ವಿಕ್ರಾಂತನ ನಿಂತು ಎಲ್ಲಾರನ್ನೂ ಏರಿಸಿ ಕಳಸಿದ. ಲಕ್ಷ್ಮಿಬಾಯಿ ಲಿಫ್ಟಿಗೆ ಅಂಜಿ ಮೆಟ್ಟಲಾ ಹತ್ತಿ ಬಂದಳು, ಯಾರ ಏನ ಹೇಳಿದ್ರೂ ಕೇಳಲಿಲ್ಲ. ಹಾಲಿನ್ಯಾಗ, ಅಡಗೀ ಮನ್ಯಾಗ, ಗ್ಯಾಲರಿಯೊಳಗ ಮಂದಿ ಮಲಗಿದ್ರು. ಮುಂಜಾನೆದ್ದು ನಾವೆಲ್ಲಾ ಬಿಳೀ ಬಟ್ಟಿ ಹಾಕ್ಕೊಂಡು ಬಾಬಾಸಾಹೇಬ್ರ ದರ್ಶನಕ್ಕ ಪಾಳೇಕ ನಿಂತಿವಿ. ವಿಕ್ರಾಂತ ಕೂಸಿನ್ನ ಹೆಗಲಿಗೆ ಹಾಕ್ಕೊಂಡು ನಮ್ಮ ಕೂಡ ನಡದ.

ಎಲ್ಲಾ ಸರಿ ಆತು ಅಂತ ತಿಳಕೋಬ್ಯಾಡ್ರಿ. ಮರುದಿನನ ಕಮೀಟಿಯವ್ರು ನೀಲಮನ ಹೆಸರಿಲೆ ನೋಟೀಸ್ ಕೊಟ್ರು, ಅಕಿ ಓದಿ ಉತ್ತರಾ ಬರೀತೀನಿ ಅಂದು ಕಪಾಟಿನ್ಯಾಗ ಇಟ್ಟಾಳ. ಮೂರನೇ ಮಾಳಿಗಿಯ ಬಾಯಿ ಮೊನ್ನಿತನಕ ಕೂಸಿನ್ನ ಎತ್ತಾಕಿ, ಈಗ ನಮ್ಮನ್ನ ಕಂಡ್ರ ಲಿಫ್ಟ್ ಬಿಟ್ಟು ಮೆಟ್ಟಲಾ ಇಳೀತಾಳ. ಇಳೀಲಿ, ಮೊಣಕಾಲಿಗೆ ಚೊಲೋ. ಭಾವುಸಾಹೇಬನ್ನ ತಗೀತೀವಿ ಅಂದ್ರು. ನಮ್ಮ ಮನೀ ಮಂದಿಗೆ ಗೇಟ್ ತಗದದ್ದಕ್ಕ ಅವನ್ನ ಹೆಂಗ ತಗೀತೀರಿ ಅಂತ ನೀಲಮ ಬೆನ್ನು ಹತ್ತಿದಳು. ರಾತ್ರಿ ಪಾಳೇಕ ಹಾಕ್ಯಾರ, ನೌಕರಿ ಉಳದೈತಿ. ಎದುರು ಮನೀ ಮುದುಕಿ ಮಾತ್ರ ನಿನ್ನೆ ಬಾಗಲಾ ಬಡದು, ಅವತ್ತು ಉಣ್ಣೂ ಮುಂದ ವಾಸನಿ ಬಂತಲ್ಲಾ, ಆ ಶೇಂಗಾ ಹಿಂಡಿ ಹೆಂಗ ಮಾಡೂದು ಅಂತ ಕೇಳಿ ಹ್ವಾದಳು. ಒಂದು ಬಟ್ಟಲಾ ತುಂಬಿ ಕೊಟ್ಟೇನಿ.

ಮನಿ ಮಾರಿ ಬ್ಯಾರೇ ಕಡೆ ಹೋಗರಿ ಅಂತ ನೀವು ನೀಲಮಗ ಫೋನಿನ್ಯಾಗ ಹೇಳಿದ್ರಂತ. ಹೋಗಂಗಿಲ್ಲ. ಅಕಿ ದುಡದು ತಗೊಂಡ ಮನಿ. ಸಮುದ್ರ ಯಾರಪ್ಪಂದೂ ಅಲ್ಲ.

ಲಗಮಪ್ಪಗ, ಲಕ್ಷ್ಮಿಬಾಯಿಗೆ ನನ್ನ ಜೈ ಭೀಮ ಹೇಳ್ರಿ. ಬಾಜೂ ಮನೀ ಸಣ್ಣ ಮಕ್ಕಳಿಗೆ ನನ್ನ ಮುದ್ದು. ನೀವು ಹೊತ್ತಿಗೆ ಸರಿಯಾಗಿ ಉಣ್ರಿ.

ನಿಮ್ಮ
ಸುಂದರಾ

ತಾ.ಕ. — ಪೋಸ್ಟಿನ ಡಬ್ಬಿಗೆ ಹಾಕಾಕ ನೀಲಮ ಚಪ್ಪಲ್ ಮೆಟ್ಟಿ ನಿಂತಾಳ, ಲಗೂನ ಬರೀತೀನಿ. ನಾ ಸಂಕ್ರಾಂತಿಗೆ ಊರಿಗೆ ಬರಂಗಿಲ್ಲ. ಫೆಬ್ರುವರಿಯೊಳಗ ಸೊಸಾಯಿಟಿ ಎಲೆಕ್ಷನ್ ಐತಿ, ನೀಲಮ ಸೆಕ್ರೆಟರಿ ಎದುರಿಗೆ ನಿಂದ್ರತಾಳ. ಅಕಿ ಮನಿಮನಿ ತಿರಗೂ ಮುಂದ ಕೂಸಿನ್ನ ನಾ ನೋಡಕೋಬೇಕು, ಅಡಗಿ ವಿಕ್ರಾಂತ ಮಾಡತೀನಿ ಅಂದಾನ, ಅದು ನಮ್ಮ ಹಣೇಬರಹ. ನಿಮ್ಮನ್ನ ಕರಿಯಾಕ ಅವಗ ಬಾಯಿಲ್ಲ. ದಿನಾ ಫೋನ್ ಕೈಯಾಗ ತಗೋತಾನ, ಇಡತಾನ. ಅದಕ್ಕ ನಾ ಕರಿಯಾಕತ್ತೇನಿ. ನಮ್ಮ ಆಡು ಲಗಮಪ್ಪನ ಮನ್ಯಾಗ ಕಟ್ಟಿ, ಈ ಕಾಗದ ಮುಟ್ಟಿದ ವಾರದಾಗ ಗಾಡಿ ಹತ್ರಿ. ಸಿಟ್ಟು ಇದ್ರ ಅದನ್ನೂ ಕರಕೊಂಡು ಬರ್ರಿ, ಇಲ್ಲೆ ಕೆಲಸಕ್ಕ ಬರತೈತಿ.