ಕುದುರೆ ರಾಣಿಯ ಪೋಸ್ಟರು

ನಜರ್‌ಬಾದ್, ಮೈಸೂರು
3 ನವೆಂಬರ್ 1961

ಪ್ರೀತಿಯ ಜಯಮೇರಿ,

ಕ್ಷೇಮ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದೆ. ಏಳು ವರ್ಷದ ಮೇಲೆ ಹೆಂಡತಿಗೆ ಬರೆಯುವ ಕಾಗದ ಸುಳ್ಳಿನಿಂದ ಶುರುವಾಗುವುದು ಬೇಡ.

ನೀನು ಹೋದ ತಿಂಗಳು ಪಾಲಹಳ್ಳಿಯಿಂದ ನಿಮ್ಮಣ್ಣನ ಕೈಲಿ ಕಳಿಸಿದ ಕಾಗದ ಸೇರಿತ್ತು. ಉತ್ತರ ಬರೆಯದೆ ಅದನ್ನು ರಟ್ಟುಗಳ ಕೆಳಗೆ ಇಟ್ಟಿದ್ದೆ. ನಿನ್ನೆ ಸತ್ತವರಿಗೆ ಮೇಣದಬತ್ತಿ ಹಚ್ಚುವ ದಿನ, ಸಮಾಧಿ ಭೂಮಿಯಲ್ಲಿ ನಿನ್ನನ್ನು ಕಂಡೆ. ನಮ್ಮ ಮಗಳು ಲೂರ್ದುವಿನ ಶಿಲುಬೆಯ ಹತ್ತಿರ ಕೂತಿದ್ದವಳು ನನ್ನನ್ನು ನೋಡಿದ ಕೂಡಲೇ ಎದ್ದು, ಏನೋ ಕದ್ದವಳ ಹಾಗೆ ಬೇಲಿಯ ಪಕ್ಕ ಹೋಗಿ ನಿಂತೆ. ಹೆತ್ತ ತಾಯಿ ಮಗುವಿನ ಗೋರಿಯ ಹತ್ತಿರ ಇರಲು ನನ್ನ ಅಪ್ಪಣೆ ಕಾಯುತ್ತಿದ್ದಳು. ಮನೆಗೆ ಬಂದವನು ಮೊದಲು ರಟ್ಟುಗಳನ್ನು ಸರಿಸಿದೆ.

ನಿನ್ನ ಕಾಗದವನ್ನು ಮತ್ತೆ ಓದಿದೆ. ಅತ್ತೆಯವರಂತೂ ಮನ್ನಿಸದೆ ಕಣ್ಣು ಮುಚ್ಚಿದರು, ನೀವಾದರೂ ಮನ್ನಿಸಿ ಮನೆಗೆ ಕರೆದುಕೊಳ್ಳಿ ಎಂದು ಬರೆದಿದ್ದೀಯ. ಪ್ರತಿ ಪಾಪನಿವೇದನೆಯಲ್ಲೂ ಚರ್ಚಿನ ಸ್ವಾಮಿಗಳ ಮುಂದೆ ನನ್ನ ಮಗುವನ್ನು ನಾನೇ ಕೊಂದೆ ಎಂದು ಹೇಳುತ್ತೀಯಂತೆ. ಅಣ್ಣನ ಮಕ್ಕಳು ಎಷ್ಟು ಗೋಗರೆದರೂ ನಿನ್ನ ಕೈಯಾರೆ ಒಂದು ತುತ್ತು ಕೊಟ್ಟಿಲ್ಲವಂತೆ. ಜಯಾ, ನೀನು ಕೊಲ್ಲಲಿಲ್ಲ. ಇದನ್ನು ಹೇಳುವುದಕ್ಕೇ ಈ ಕಾಗದ. ಹೇಗೆಂದು ಮೊದಲಿನಿಂದ ಬರೆಯುತ್ತೇನೆ.

ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ಬೈಂಡಿಂಗ್ ಅಂಗಡಿ ಇಟ್ಟುಕೊಂಡವನು ಶಾಲೆ ಪುಸ್ತಕ ಹೊಲಿದುಕೊಂಡು ಇರಬಾರದಿತ್ತೇ? ಗೋಡೆಯ ಮೇಲೆ ಒಂದರ ಮೇಲೊಂದು ಅಂಟಿಸಿದ್ದ ಹಳೆಯ ಸಿನಿಮಾ ಪೋಸ್ಟರುಗಳನ್ನು ದಪ್ಪ ದಪ್ಪ ಚಕ್ಕೆಯಾಗಿ ಕಿತ್ತು ತಂದು, ಬಚ್ಚಲ ತೊಟ್ಟಿಯಲ್ಲಿ ನೆನೆಹಾಕಿ, ಪದರ ಪದರವಾಗಿ ಬಿಡಿಸುತ್ತಿದ್ದೆ. ‘ನಮ್ಗೆ ಮೀಯಕ್ಕೆ ನೀರಿಲ್ಲ, ನಿಮ್ಮ ರಾಣಿಯರಿಗೆ ಮಾತ್ರ ಅಭ್ಯಂಜನ ಕಣ್ರೀ’ ಎಂದು ನೀನು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದೆ. ನಾನು ನಗುತ್ತಿದ್ದೆ. ಹರಿದು ಚಿಂದಿಯಾದ ಮುಖವೊಂದು ನನ್ನ ಕೈಯಲ್ಲಿ ಮತ್ತೆ ಕೂಡಿಕೊಂಡಾಗ ಆಗುತ್ತಿದ್ದ ಜಂಬಕ್ಕೆ ಮಿತಿ ಇರಲಿಲ್ಲ.

ಆ ಜಂಬಕ್ಕೆ ತಕ್ಕಂತೆ ಸರಸ್ವತಿಪುರಂನ ಪ್ರಭುಸ್ವಾಮಿಯವರು ಬಂದರು. ಟಾಕೀಸಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು, ಪೋಸ್ಟರು ಕೂಡಿಡುವುದರಲ್ಲಿ ನನಗಿಂತ ಹುಚ್ಚರು. ಮೂಕಿ ಚಿತ್ರದ ಕಾಲದ ಪೋಸ್ಟರೊಂದನ್ನು ತಂದುಕೊಟ್ಟರು. ಬಿಳಿ ಕುದುರೆಯ ಮೇಲೆ ಕತ್ತಿ ಹಿಡಿದು ಕೂತ ರಾಣಿ. ಮಡಿಕೆಗಳಲ್ಲಿ ಸೀಳಿ ನಾಲ್ಕು ತುಂಡಾಗಿತ್ತು. ತನಗೆ ತಿಳಿದ ಮಟ್ಟಿಗೆ ಉಳಿದಿರುವುದು ಇದೊಂದೇ ಎಂದರು. ನಮ್ಮ ಲೂರ್ದು ಅದಕ್ಕೆ ಕುದ್ರೆಯಮ್ಮ ಎಂದು ಹೆಸರಿಟ್ಟಳು. ತುಂಡುಗಳನ್ನು ಬೋರಲು ಜೋಡಿಸಿ, ಹಿಂಬದಿಗೆ ತೆಳ್ಳನೆ ಬಟ್ಟೆ ಅಂಟಿಸುವ ಕೆಲಸ ನನ್ನದು.

ಅಂಟು ಹುಳಿ ಬಂದಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವುದು ನಮ್ಮಪ್ಪನ ಕಾಲದಿಂದ ಬಂದ ಅಭ್ಯಾಸ. ಹುಳಿತ ಅಂಟು ಕಾಗದವನ್ನು ಕೆಡಿಸುತ್ತದೆ. ದಿನಾ ಬೆಳಿಗ್ಗೆ ನಾನು ಬೆರಳು ನೆಕ್ಕುವುದನ್ನು ಕಂಡು ಮೂರು ವರ್ಷದ ಆ ಮಗುವೂ ಬೆರಳು ಚಾಚುತ್ತಿತ್ತು. ‘ನಂಗೂ ಕೊಡಪ್ಪ, ನೋಡ್ತೀನಿ’ ಎನ್ನುತ್ತಿದ್ದಳು. ಚೂರು ಹಚ್ಚುತ್ತಿದ್ದೆ. ಚಪ್ಪರಿಸಿ, ದೊಡ್ಡ ಮೇಸ್ತ್ರಿಯ ಹಾಗೆ ‘ಸರ್ಯಾಗದೆ ಕಣಪ್ಪ’ ಎಂದು ತೀರ್ಪು ಕೊಡುತ್ತಿದ್ದಳು. ಬರೀ ಮೈದಾ ಗಂಜಿ, ಏನೂ ಆಗುತ್ತಿರಲಿಲ್ಲ.

ಆ ದಿನದ ಅಂಟು ಬೇರೆ. ಹಿಂದೊಂದು ಪೋಸ್ಟರನ್ನು ಹುಳು ತಿಂದುಹಾಕಿದ್ದವು. ಈ ರಾಣಿಗೆ ಹಾಗಾಗಬಾರದೆಂದು ನೀಲಿ ಮೈಲುತುತ್ತವನ್ನು ಕುಟ್ಟಿ, ಅಳತೆ ನೋಡದೆ ಅಂಟಿಗೆ ಬೆರೆಸಿದೆ. ಮಡಚಿದರೆ ಬಿರುಕು ಬಿಡಬಾರದೆಂದು ಜೇನು ಹಾಕಿದೆ. ಮೈಲುತುತ್ತ ವಿಷ ಎಂದು ಯಾವ ಬೈಂಡರಿಗೆ ಗೊತ್ತಿಲ್ಲ? ಬಟ್ಟಲನ್ನು ಹಲಗೆಯ ಮೇಲೆ ಬಿಟ್ಟು, ಪ್ರಭುಸ್ವಾಮಿಯವರು ಕೂಗಿದರೆಂದು ಅಂಗಡಿಯ ಮುಂಭಾಗಕ್ಕೆ ಹೋಗಿ ಹರಟುತ್ತಾ ನಿಂತೆ. ನೀನು ನಲ್ಲಿಯ ಹತ್ತಿರ ಇದ್ದೆ.

ಮಧ್ಯಾಹ್ನ ಮಗುವಿಗೆ ವಾಂತಿ ಶುರುವಾಯಿತು. ಬೆಳಿಗ್ಗೆ ಏನು ಕೊಟ್ಟಿರಿ ಎಂದು ಡಾಕ್ಟರು ಕೇಳಿದರು. ತಂಗಳನ್ನಕ್ಕೆ ಮೊಸರು ಕಲಸಿ ತಿನ್ನಿಸಿದೆ ಎಂದು ನೀನು ಇದ್ದದ್ದನ್ನೇ ಹೇಳಿದೆ. ಮಾರನೆಯ ದಿನ ಮಗು ತೀರಿಕೊಂಡಿತು. ‘ತಂಗ್ಳಿಕ್ಕಿ ಮಗೀನ ತಿಂದ್ಕೊಬುಟ್ಳು’ ಎಂದು ನಮ್ಮಮ್ಮ ಬೀದಿಗೆಲ್ಲ ಕೇಳುವಂತೆ ಅತ್ತಳು. ನಲವತ್ತು ದಿನ ನಿನ್ನ ಕೈನೀರು ಕುಡಿಯಲಿಲ್ಲ. ನಿಮ್ಮಣ್ಣ ಬಂದು ಕರೆದುಕೊಂಡು ಹೋಗುವಾಗ ನಾನು ಅಂಗಡಿಯಿಂದ ಎದ್ದು ಬರಲಿಲ್ಲ.

ಕಳೆದ ವಾರ ಪ್ರಭುಸ್ವಾಮಿಯವರು ಅದೇ ಪೋಸ್ಟರನ್ನು ವಾಪಸು ತಂದರು. ಬಟ್ಟೆ ಒಂದು ಕಡೆ ಗುಳ್ಳೆ ಎದ್ದಿತ್ತು. ಒದ್ದೆ ಮಾಡಿ, ಮೆತ್ತಗಾದ ಮೇಲೆ ಬಿಡಿಸಿದೆ. ಕುದುರೆಯ ಕತ್ತಿನ ಹಿಂಬದಿಗೆ ಸರಿಯಾಗಿ ಒಂದು ಪುಟ್ಟ ಕೈ ಇತ್ತು. ಅಂಟಿನಲ್ಲಿ ಅದ್ದಿ ಒತ್ತಿದ ಐದು ಬೆರಳು, ತಿಳಿನೀಲಿ. ನನ್ನಂತೆ ತಾನೂ ಅಂಟಿಸಲು ಹೊರಟಿದ್ದಳು. ಅದ್ದಿದ ಕೈಯನ್ನು ಅವಳು ನೆಕ್ಕದೆ ಬಿಡುವವಳೇ? ಆಗ ನನಗೆ ಎಲ್ಲ ಹೊಳೆಯಿತು.

ಲೂರ್ದುವಿನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ದಿನ ಬಿಳಿ ಫ್ರಾಕು ಹಾಕಿಸಿ ತೆಗೆಸೋಣ ಎಂದಿದ್ದೆವು. ಅದಕ್ಕೇ ಆ ಕೈ ಇದ್ದಷ್ಟು ಭಾಗವನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಮುಂಬದಿಯಲ್ಲಿ ಕುದುರೆಯ ಕತ್ತು ಬಂದಿದೆ. ಪ್ರಭುಸ್ವಾಮಿಯವರು ಕತ್ತರಿಸಿದ ರಾಣಿಯನ್ನು ನೋಡಿ ನಿನಗೇನು ತಲೆ ಕೆಟ್ಟಿದೆಯೇ ಎಂದರು, ಇನ್ನು ನನ್ನ ಅಂಗಡಿಗೆ ಕಾಲಿಡುವುದಿಲ್ಲ ಎಂದು ಹೋದರು. ಹೋಗಲಿ. ಜಯಾ, ಅದಕ್ಕೆ ಮುತ್ತಿಡಬೇಡ. ಅಂಟಿನಲ್ಲಿ ಇನ್ನೂ ವಿಷ ಇರಬಹುದು. ಅಣ್ಣನ ಮಕ್ಕಳ ಕೈಗೆ ಸಿಗದಂತೆ ಇಡು.

ಇನ್ನು ಮೇಲೆ ಆ ಪಾಪವನ್ನು ನಿನ್ನದೆಂದು ಯಾರ ಮುಂದೆಯೂ ಹೇಳಬೇಡ. ಆ ಮಕ್ಕಳಿಗೆ ಮೊಸರನ್ನ ಕಲಸಿ ಕೈತುತ್ತು ಕೊಡು. ಮನೆಗೆ ಬರುವುದಾದರೆ ಬಾ, ಅಪ್ಪಣೆ ಕೇಳಬೇಕಾದವನು ನಾನು. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಉಂಟು ಎಂದು ಸ್ವಾಮಿಗಳು ಹೇಳುತ್ತಾರೆ. ನಾನು ತಿಳಿಯದೆ ಮಾಡಿದೆ.

ಹಾಗೆನ್ನಲು ನೀನು ಒಪ್ಪಿದರೆ,
ನಿನ್ನವನು,
ಇನ್ನಾಸಿಮುತ್ತು

ಮತ್ತೊಂದು ಮಾತು: ಲಕೋಟೆ ಮುಚ್ಚಲು ಅಂಟಿಗೆ ಬೆರಳಿಟ್ಟವನು ಕಾಗದವನ್ನು ಮತ್ತೆ ಹೊರತೆಗೆದೆ. ತಿಳಿಯದೆ ಎಂದದ್ದು ಸುಳ್ಳು. ಕಳೆದ ವಾರ ಹೊಳೆಯಿತು ಎಂದದ್ದೂ ಸುಳ್ಳು. ಆ ದಿನ ಪ್ರಭುಸ್ವಾಮಿಯವರನ್ನು ಕಳಿಸಿ ಒಳಗೆ ಬಂದಾಗಲೇ ಕಾಗದದ ಮೇಲಿನ ಕೈ ಕಂಡಿದ್ದೆ. ಅವಳ ತುಟಿ ನೀಲಿಯಾಗಿತ್ತು. ‘ಸರ್ಯಾಗದೆ ಕಣಪ್ಪ’ ಎಂದಳು. ನೀನು ಬರುವ ಮುಂಚೆ ಒದ್ದೆ ಬಟ್ಟೆಯಿಂದ ಅವಳ ಬಾಯಿ, ಕೈ ಒರೆಸಿದೆ, ಚೂರು ತಾನೇ ಎಂದುಕೊಂಡೆ. ವಾಂತಿ ಯಾಕೆ ಹಸಿರಾಗಿದೆ ಎಂದು ನೀನು ಕೇಳಿದಾಗ ಪಿತ್ತ ಎಂದೆ. ಮಣ್ಣು ಮಾಡಿದ ಮೂರನೆಯ ದಿನ ಆ ಕೈಯ ಮೇಲೆ ಬಟ್ಟೆ ಅಂಟಿಸಿದವನೂ ನಾನೇ. ಅಂಟು ಒಣಗಿಹೋಗಿತ್ತು, ಬಟ್ಟೆ ಕೂರಲಿಲ್ಲ, ಗುಳ್ಳೆ ಎದ್ದದ್ದು ಅದಕ್ಕೆ. ಮಗು ಬೇರೆ ಏನಾದರೂ ಬಾಯಿಗೆ ಹಾಕಿಕೊಂಡಿತ್ತೇ ಎಂದು ಡಾಕ್ಟರು ಎರಡು ಸಲ ಕೇಳಿದರು, ನಿನಗೆ ನೆನಪಿರಬೇಕು. ಎರಡು ಸಲವೂ ನೀನು ನನ್ನ ಮುಖ ನೋಡಿದೆ. ಎರಡು ಸಲವೂ ನಾನು ಇಲ್ಲ ಎಂದೆ.