ನಲವತ್ತು ಸೆಕೆಂಡಿನ ತಿಜೋರಿ

ಬೀಗ ಬಿಚ್ಚುವ ನನ್ನಪ್ಪನಿಗೆ,

ನಿನ್ನ ಅಂಗಡಿಯ ಷಟರಿಗೆ ‘ತಿಜೋರಿಗೆ ಬೀಗ ಹಾಕುವವನೂ ಲೂಟಿಯ ಪಾಲುದಾರ’ ಎಂಬ ನಮ್ಮ ಸಂಘದ ಕರಪತ್ರ ಅಂಟಿಸಿದವಳು ನಾನು. ಅದು ತಪ್ಪು. ಮನೆ ಬಿಟ್ಟು ಗೆಳತಿಯ ಕೋಣೆ ಸೇರಿ ಐದು ತಿಂಗಳಾದರೂ ಒಪ್ಪಿಕೊಳ್ಳದೆ ಇದ್ದದ್ದು ಇನ್ನೂ ದೊಡ್ಡ ತಪ್ಪು. ನೀನು ಅದನ್ನು ನೀರು ಹಾಕಿ ಕೆರೆಯುತ್ತಾ ಪಕ್ಕದ ದರ್ಜಿಗೆ, “ಬರ್ದಿದ್ದು ಯಾರೋ, ಅಂಟ್ಸಿದ್ದು ಮಾತ್ರ ನನ್ ಮಗಳೇ ಕಣಯ್ಯ. ನೋಡು, ನಾಲ್ಕು ಮೂಲೆನೂ ಎಷ್ಟು ನೇರ!” ಎಂದೆಯಂತೆ. ಕೇಳಿ ಸಿಟ್ಟೇ ಬಂತು. ಬೈದಿದ್ದರೆ ವಾದವಾದರೂ ಮಾಡಬಹುದಿತ್ತು.

ಇವತ್ತು ಬರೆಯಲು ಕಾರಣ ಒಂದು ಸಿನಿಮಾ. ನಗಬೇಡ. ಐದು ಜನ ಸೇರಿ ಬ್ಯಾಂಕಿನ ನೆಲಮಾಳಿಗೆ ದೋಚುವ ಕಥೆ. ಜನರಿಗೆ ಮಂಕುಬೂದಿ ಎರಚುವ ಸರಕು ಎಂದು ಟೀಕೆ ಬರೆಯಲೆಂದೇ ನೋಟ್‌ಬುಕ್ ಹಿಡಿದು ಹೋಗಿದ್ದೆ. ಅರ್ಧ ಗಂಟೆಯೊಳಗೆ ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ! ಆ ಲಿಫ್ಟಿನ ದೃಶ್ಯ ಇದೆಯಲ್ಲ, ಅಪ್ಪಾ! ಮಾತಿಲ್ಲ, ಸಂಗೀತವಿಲ್ಲ. ಕಾವಲುಗಾರ ಲಿಫ್ಟಿನೊಳಗೆ ಆಕಳಿಸುತ್ತಾ ನಿಂತಿದ್ದಾನೆ. ಅದರ ಚಾವಣಿಯ ಮೇಲೆಯೇ ಐವರೂ ಉಸಿರು ಬಿಗಿಹಿಡಿದು ಮಲಗಿದ್ದಾರೆ. ಒಬ್ಬನ ಜೇಬಿನಿಂದ ಒಂದು ಸ್ಕ್ರೂ ಜಾರಿ ಮೆಲ್ಲಗೆ ಉರುಳತೊಡಗುತ್ತದೆ... ಮುಂದಿನದನ್ನು ಹೇಳಲಾರೆ, ನೀನೇ ನೋಡಬೇಕು. ಪಕ್ಕದ ಸೀಟಿನ ಅಜ್ಜಿ ನನ್ನ ತೋಳು ಹಿಡಿದವರು ಬಿಡಲೇ ಇಲ್ಲ.

ಆದರೆ ತಿಜೋರಿಯನ್ನು ನಲವತ್ತು ಸೆಕೆಂಡಿನಲ್ಲಿ ತೆರೆಯುತ್ತಾರೆ! ಹಳೆಯ ಬೀರುವೊಂದಕ್ಕೆ ಕಿವಿಯಿಟ್ಟು ನೀನು ಅರ್ಧ ದಿನ ಕೂತದ್ದನ್ನು ಕಂಡ ನನಗೆ ನಗು ತಡೆಯಲಾಗಲಿಲ್ಲ. ಕೊನೆಯ ಇಪ್ಪತ್ತು ನಿಮಿಷ ಬರೀ ಕಾರುಗಳ ಓಟ. ಪೆಟ್ಟು ತಿಂದು ಬಿದ್ದ ಕಾವಲುಗಾರ ಮತ್ತೆ ಕಾಣಿಸುವುದೇ ಇಲ್ಲ. ಅವನು ಬದುಕಿದನೇ, ಕೆಲಸ ಉಳಿಯಿತೇ? ಕೇಳುವವರಿಲ್ಲ. ದೋಚಿದವರೋ ಕಡಲ ದಂಡೆಯ ಬಂಗಲೆಗಳಲ್ಲಿ ಕಾಲು ಚಾಚಿದ್ದಾರೆ. ಒಬ್ಬ ಧಣಿಯ ಜಾಗಕ್ಕೆ ಐವರು ಧಣಿಗಳು ಬಂದರು, ಅಷ್ಟೇ.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಬಾಗಿಲು ತೆರೆದ ಕೂಡಲೇ ಅವರ ಬೀಗದವನೇ ಎಲ್ಲರಿಗಿಂತ ಮೊದಲು ಒಳಗೆ ಕೈ ಹಾಕಿದ. “ಸುಳ್ಳು!” ಎಂದು ಕೂಗಿಬಿಟ್ಟೆ. “ಕೂತ್ಕೊಳಮ್ಮ ತಾಯಿ, ದುಡ್ಡು ಕೊಟ್ಟು ಬಂದಿದೀವಿ” ಎಂದು ಹಿಂದಿನ ಸಾಲಿನವರು ಗದರಿದರು. ಅವರಿಗೇನು ಗೊತ್ತು? ಬೀಗ ಕ್ಲಿಕ್ಕೆನ್ನುತ್ತಲೇ ನೀನು ಗೋಡೆಯತ್ತ ಮುಖ ತಿರುಗಿಸಿ ನಿಲ್ಲುತ್ತೀಯ. “ನೀವೇ ತೆಗೀರಿ, ನಾನ್ ನೋಡಲ್ಲ.” ದೊಡ್ಡ ವ್ಯಾಪಾರಿಯ ಮನೆಯಲ್ಲೂ ಹಾಗೆಯೇ, ತಗಡಿನ ಪೆಟ್ಟಿಗೆಯ ಮುದುಕಿಯ ಮುಂದೆಯೂ ಹಾಗೆಯೇ. ಇಷ್ಟು ವರ್ಷಗಳಲ್ಲಿ ಒಂದರ ಒಳಗೂ ಇಣುಕದ ನಿನ್ನನ್ನು ನಾನು ಪಾಲುದಾರ ಎಂದೆ. ತಿಜೋರಿಗಳ ಬಗ್ಗೆ ನನ್ನ ಅಭಿಪ್ರಾಯ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ನಿನ್ನ ಬಗ್ಗೆ ಬರೆದದ್ದು ಮಾತ್ರ ಸುಳ್ಳು.

ನನ್ನೊಡನೆ ಮತ್ತೆ ಮಾತಾಡುತ್ತೀಯಾ? ಪತ್ರದಲ್ಲಿ ಉತ್ತರ ಬೇಡ, ನೀನೇ ಬಾ. ಜಗಳವಾಡಲಾದರೂ ಬಾ. ಎರಡು ಟಿಕೆಟ್ ತೆಗೆದಿಟ್ಟಿದ್ದೇನೆ. ನೀನು ಬರುವವರೆಗೆ ಒಳಗೆ ಕಾಲಿಡುವುದಿಲ್ಲ, ಆಟ ಶುರುವಾದರೂ ಸರಿಯೇ.

ನಿನ್ನ ಬೆರಳುಗಳ ಹದ ಎಂದೂ ಕೆಡದಿರಲಿ.

ನಿನ್ನ ಜಗಳಗಂಟಿ ಮಗಳು

ಬರುವ ಭಾನುವಾರ, ಮಧ್ಯಾಹ್ನ ಎರಡೂವರೆಗೆ, ಟಾಕೀಸಿನ ಟಿಕೆಟ್ ಕಿಟಕಿಯ ಎದುರು.