ಲಮಾರಾಳ ಚಿತ್ರಕ್ಕೆ ಬಾರದ ಬಹುಮಾನ

ಲಾಸ್ ಏಂಜಲೀಸ್
೧೧ ಮಾರ್ಚ್ ೧೯೯೮

ಪ್ರೀತಿಯ ಲಮಾರಾ,

ನಮ್ಮೂರು ಟಿಬಿಲಿಸಿಯಲ್ಲಿ ಚಳಿ ಇಳಿದಿದೆ, ನಿನ್ನ ಮಂಡಿನೋವೂ ಇಳಿದಿದೆ ಎಂದುಕೊಂಡು ಬರೆಯಲು ಕೂತಿದ್ದೇನೆ. ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಇಷ್ಟರಲ್ಲಿ ನನ್ನನ್ನು ಚೆನ್ನಾಗಿ ಬೈದಿರುತ್ತೀಯ, ಬೈಯಬೇಕಾದ್ದೇ. ನಿನ್ನ ಚಿತ್ರಕ್ಕೆ ಬಹುಮಾನ ತಪ್ಪಿದ ಸುದ್ದಿ ಸಂಘದವರಿಂದ ನಿನಗೆ ತಲುಪಿದೆ ಎಂದು ಗೊತ್ತಿತ್ತು. ಅದಕ್ಕೇ ಕೈ ಓಡಲಿಲ್ಲ.

ಮೊದಲು ಜಗಳದ ವಿಷಯ ಹೇಳುತ್ತೇನೆ, ನಿನಗೆ ಅದು ಇಷ್ಟ. ನಮ್ಮ ಚಿತ್ರ ಸಂಕಲನಕಾರರ ಸಂಘ ವರ್ಷ ವರ್ಷ ಬಹುಮಾನ ಕೊಡುತ್ತದಲ್ಲ, ಅದರಲ್ಲಿ ಹೊರದೇಶದ ಚಿತ್ರಕ್ಕೆ ಸಮಾರಂಭದ ಹಿಂದಿನ ದಿನವೇ, ಊಟದ ಹೊತ್ತಿಗೆ, ಪಕ್ಕದ ಕೋಣೆಯಲ್ಲಿ ಒಂದು ಫಲಕ ಕೊಟ್ಟು ಸಾಗಹಾಕುತ್ತಿದ್ದರು. ಈ ಸಲ ಅದನ್ನೂ ನಿಲ್ಲಿಸೋಣ ಎಂದು ವಾಲ್ಟರ್ ಪ್ರೆಂಟಿಸ್ ಎದ್ದು ನಿಂತ. ಮೂವತ್ತು ವರ್ಷ ಕತ್ತರಿ ಹಿಡಿದವನು, ಒಳ್ಳೆಯವನೇ, ಬಾಯಿ ಮಾತ್ರ ಜೋರು. "ಪರದೆ ಕೆಳಗಿನ ಅಕ್ಷರ ಯಾಕೆ ಓದ್ಬೇಕು? ಓದೋದಕ್ಕೆ ಮನೇಲಿ ಪುಸ್ತಕ ಇದೆ. ಸಿನಿಮಾಕ್ಕೆ ಬರೋದು ನೋಡೋದಕ್ಕೆ" ಅಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ನೀವು ಜಗತ್ತಿನ ಸಿನಿಮಾ ಅಂತ ದೂರ ಇಡ್ತಿದೀರಲ್ಲ ವಾಲ್ಟರ್, ಅದು ನಾನು ಹುಟ್ಟಿದ ಬೀದಿ" ಅಂದುಬಿಟ್ಟೆ.

ಆಮೇಲೆ ಎರಡು ಗಂಟೆ ವಾದ. ನಮ್ಮ ಬಹುಮಾನ ನಮ್ಮವರಿಗೇ ಇರಲಿ ಎಂದರು ಕೆಲವರು. ಹಾಗಾದರೆ ವರ್ಷದ ಅತ್ಯುತ್ತಮ ಎಂದು ಜಂಬ ಕೊಚ್ಚುವುದನ್ನು ಬಿಡಿ, ಊರಿನ ಅತ್ಯುತ್ತಮ ಎಂದು ಬರೆಸಿ ಎಂದೆ. ಕೊನೆಗೆ ಹೊರದೇಶದ ಚಿತ್ರವೂ ದೊಡ್ಡ ವೇದಿಕೆಗೇ ಬರಲಿ, ಗೆದ್ದವರನ್ನು ಸಂಘವೇ ಕರೆಸಲಿ ಎಂದು ತೀರ್ಮಾನವಾಯಿತು. ನಿನಗೆ ಎರಡು ಸಲ ವೀಸಾ ಇಲ್ಲವೆಂದು ಕಳಿಸಿದವರು ಆ ಕರೆಯೋಲೆ ನೋಡಿದರೆ ಇಲ್ಲ ಎನ್ನುತ್ತಿರಲಿಲ್ಲ. ನಿನ್ನ ಚಿತ್ರವೂ ಸ್ಪರ್ಧೆಯಲ್ಲಿತ್ತಲ್ಲ, ಗೆದ್ದೇ ಗೆಲ್ಲುತ್ತದೆ ಎಂದು ಮಾರನೆಯ ದಿನವೇ ನಿನಗೆಂದು ಕಿಟಕಿಯ ಕೋಣೆ ಗುಡಿಸಿದೆ. ಗ್ಲೆಂಡೇಲಿನ ಅರ್ಮೇನಿಯನ್ ಅಂಗಡಿಗೆ ಹೋಗಿ ಹುಳಿ ಪ್ಲಮ್ಮಿನ ಚಟ್ನಿ ತಂದಿಟ್ಟೆ. ಇಪ್ಪತ್ತೆರಡು ವರ್ಷ ಆಯಿತು ಕಣೇ, ಅಲ್ಲಿನ ಸ್ಟುಡಿಯೋದಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂತು, ಒಬ್ಬಳು ರೀಲು ಅಂಟಿಸುವಾಗ ಇನ್ನೊಬ್ಬಳು ಚಹಾ ಕುಡಿಯುತ್ತಿದ್ದು. ಆಮೇಲೆ ನನಗೆ ಅಂಥ ಗೆಳತಿ ಸಿಗಲಿಲ್ಲ. ನಿನ್ನನ್ನು ನೋಡಬೇಕು ಎನ್ನುವ ಆಸೆ ಈ ವಯಸ್ಸಿನಲ್ಲಿ ಹಸಿವಿನ ಹಾಗೆ ಆಗಿಬಿಟ್ಟಿದೆ.

ಎಷ್ಟು ಮತ ಬಿತ್ತೆಂದು ಹೊರಗೆ ಹೇಳುವಂತಿಲ್ಲ. ಆದರೂ ಎಣಿಕೆಗೆ ಕೂತಿದ್ದ ವಾಲ್ಟರ್ ಕಾರು ನಿಲ್ಲಿಸುವ ಜಾಗದಲ್ಲಿ ನನ್ನನ್ನು ತಡೆದು ಹೇಳಿದ. ಅವನು ನಿನ್ನ ಚಿತ್ರಕ್ಕೇ ಮತ ಹಾಕಿದನಂತೆ. "ಓದ್ತಾ ಇದೀನಿ ಅನ್ನೋದೇ ಮರೆತುಹೋಯ್ತು ಸಿಯಾಲಾ. ಒಂದೇ ಒಂದು ಮತ ಕಡಿಮೆ ಆಯ್ತು. ಅದ್ಯಾವ ಕಲ್ಲು ಮನಸ್ಸಿನವನೋ" ಎಂದು ತಲೆ ಅಲ್ಲಾಡಿಸಿದ. ನಾನು ಕಾರಿನ ಬೀಗದ ಕೈ ಹುಡುಕುತ್ತಾ ನಿಂತೆ.

ಮೊಮ್ಮಕ್ಕಳಿಗೆ ಮುತ್ತು. ಮಾತ್ರೆ ನುಂಗುವುದನ್ನು ಮರೆಯಬೇಡ. ನಿನಗೆ ಬರುವ ಕಷ್ಟವೆಲ್ಲ ನನಗೇ ಬರಲಿ, ನೀನು ಸುಖವಾಗಿರು.

ನಿನ್ನ
ಸಿಯಾಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಮ್ಮಲ್ಲಿ ಚಿತ್ರ ನೋಡಲು ಒಳಗೆ ಹೋಗುವಾಗ ಒಂದು ಸಹಿ, ಮುಗಿದ ಮೇಲೆ ಇನ್ನೊಂದು ಸಹಿ. ಎರಡನೆಯದಿಲ್ಲದಿದ್ದರೆ ಮತವಿಲ್ಲ. ಹೊರದೇಶದ ಚಿತ್ರಗಳಿಂದ ಜನ ಅರ್ಧಕ್ಕೆ ಎದ್ದು ಹೋಗುತ್ತಾರೆಂದು ಹಟ ಹಿಡಿದು ಆ ನಿಯಮ ತಂದವಳು ನಾನೇ. ನಿನ್ನ ಚಿತ್ರ ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತೇನೋ. ಆ ಹೆಂಗಸು ಮಹಡಿಯಿಂದ ಬಗ್ಗಿ, ನಮ್ಮೂರ ತಾಯಂದಿರೆಲ್ಲ ಕರೆಯುವ ಹಾಗೆ, ಮಗಳನ್ನು "ಅಮ್ಮಾ, ಊಟಕ್ಕೆ ಬಾ" ಎಂದು ಕರೆದಳು. ನನ್ನ ತಾಯಿ ಸತ್ತಾಗ ನಾನು ಬರಲಾಗಲಿಲ್ಲ, ನಿನಗೆ ಗೊತ್ತು. ನನ್ನನ್ನು ಹಾಗೆ ಕರೆಯುವವರು ಈ ಊರಿನಲ್ಲಿ ಯಾರೂ ಇಲ್ಲ. ಎದ್ದು ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಒಳಗೆ ಹೋಗೋಣ ಎನ್ನುವಷ್ಟರಲ್ಲಿ ಜನ ಹೊರಗೆ ಬರುತ್ತಿದ್ದರು, ಪೂರ್ತಿ ನೋಡದೆ ಎರಡನೆಯ ಸಹಿ ಹಾಕಲು ಮನಸ್ಸು ಬರಲಿಲ್ಲ. ನನ್ನ ಮತವಿದ್ದಿದ್ದರೆ ಸಮ ಆಗುತ್ತಿತ್ತು, ಸಮ ಆದರೆ ಇಬ್ಬರನ್ನೂ ಕರೆಸುತ್ತಾರೆ. ಆ ಒಂದು ಮತ ನನ್ನದು, ಲಮಾರಾ. ಚಿತ್ರ ಹೇಗೆ ಮುಗಿಯಿತೆಂದು ಎಲ್ಲರೂ ಹೊಗಳುವಾಗ ನಾನು ತಲೆಯಾಡಿಸುತ್ತೇನೆ. ಆ ಹುಡುಗಿ ಊಟಕ್ಕೆ ಹೋದಳಾ? ಕೋಪ ಇಳಿದ ಮೇಲೆ ಅಷ್ಟನ್ನಾದರೂ ಬರೆದು ತಿಳಿಸು.